ಸವೆಯದ ಸತು

ಕಕ್ಕಸಿನ ಬೀಗದ ಕೈ ಚಿಕ್ಕವಳ ಸೊಂಟದಲ್ಲಿ ನೇತಾಡುತ್ತಿತ್ತು. ದೊಡ್ಡವಳ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೆ.

ಚಿಕ್ಕವಳು ಆಫೀಸಿನಲ್ಲಿ ಕೂರುವ ಕುರ್ಚಿಗೂ ಉರಿಯುತ್ತಿತ್ತು. ಕುರ್ಚಿಯ ಮೇಲೆ ತಿರುಗುವ ಫ್ಯಾನಿಗೂ ಉರಿಯುತ್ತಿತ್ತು. ತಂಗಿಯ ಉಗುರಿನ ಸಂದಿಯಲ್ಲಿ ಕೊಳೆ ಇರಲಿಲ್ಲ, ಅದಕ್ಕೂ ಉರಿ. ಆದರೆ ಅವನ್ನೆಲ್ಲ ಹೇಗೋ ನುಂಗಿಕೊಳ್ಳಬಹುದು. ಬೋಟಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಲು ಬಿಗಿಹಿಡಿದು ತಡೆದುಕೊಳ್ಳುವವಳಿಗೆ ಆ ಬೀಗದ ಕೈಯ ಸದ್ದು ನುಂಗುವಂಥದ್ದಲ್ಲ.

ಅದು ಮೀನು ಹಿಡಿಯುವ ಬೋಟುಗಳನ್ನು ದಡಕ್ಕೆಳೆದು ರಿಪೇರಿ ಮಾಡುವ ಯಾರ್ಡು. ಬೋಟನ್ನು ದಿಮ್ಮಿಗಳ ಮೇಲೆ ಕೂರಿಸಿದರೆಂದರೆ ಕೆಲಸ ಎರಡು ಪಾಲಾಗುತ್ತಿತ್ತು. ಮೇಲಿನದು, ತಳದ್ದು. ಮೇಲಿನ ಕೆಲಸಕ್ಕೆ ಬಡಗಿ, ಮೆಕ್ಯಾನಿಕ್ಕು, ಬಣ್ಣದವನು. ತಳದ ಕೆಲಸಕ್ಕೆ ಒಂದೇ ಕೇರಿಯವರು. ಅವರಿಗೆ ತಳದವರು ಅಂತಲೇ ಹೆಸರು. ಅಜ್ಜಿ ಕೆರೆದಿದ್ದಳು, ಅಮ್ಮ ಕೆರೆದಿದ್ದಳು, ಈಗ ದೊಡ್ಡವಳು ಕೆರೆಯುತ್ತಿದ್ದಳು. ಬೋಟಿನ ಹೊಟ್ಟೆಗೆ ಕಚ್ಚಿಕೊಂಡ ಚಿಪ್ಪನ್ನು ಉಳಿಯಿಂದ ಎಬ್ಬಿಸಬೇಕು. ಎಬ್ಬಿಸಿದ್ದು ಮುಖದ ಮೇಲೇ ಬೀಳುತ್ತದೆ. ಚಿಪ್ಪಿನೊಳಗೆ ಜೀವ ಇರುತ್ತದೆ. ಸತ್ತು ಎರಡು ದಿನಕ್ಕೆ ನಾರುತ್ತದೆ. ಕೂದಲಿಗೆ, ಬಟ್ಟೆಗೆ, ಅನ್ನಕ್ಕೆ ಹತ್ತುತ್ತದೆ.

ತಳದವರು ಏಣಿ ಮುಟ್ಟುವಂತಿರಲಿಲ್ಲ. ಬೋಟು ಹತ್ತುವಂತಿರಲಿಲ್ಲ. ಆಫೀಸಿನ ಮೆಟ್ಟಿಲು ತುಳಿಯುವಂತಿರಲಿಲ್ಲ. "ನಿಮ್ಮ ಕಾಲಲ್ಲಿ ಗಲೀಜು" ಅನ್ನುತ್ತಿದ್ದ ಮೇಸ್ತ್ರಿ. ಆ ಗಲೀಜು ಯಾರ ಬೋಟಿಂದ ಉದುರಿದ್ದು ಅಂತ ಅವನೂ ಕೇಳಿಕೊಳ್ಳಲಿಲ್ಲ, ಯಾರ್ಡಿನ ಧಣಿಯೂ ಕೇಳಿಕೊಳ್ಳಲಿಲ್ಲ.

ತಳದಲ್ಲಿ ಹನ್ನೊಂದು ಹೆಂಗಸರಿದ್ದರು. ಅವರಿಗೆ ಕಕ್ಕಸು ಇರಲಿಲ್ಲ. ಒಡೆದ ಬೋಟುಗಳ ಮರೆಗೆ ಹೋಗಬೇಕು. ಅಲ್ಲಿ ಹೋದರೆ ಮೇಲಿನ ಗಂಡಸರು ಸಿಳ್ಳೆ ಹಾಕುತ್ತಿದ್ದರು. ಅದಕ್ಕೇ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಪಟಾಕಿ ಅಂತ ಒಬ್ಬಳಿದ್ದಳು, ಬಾಯಿ ಜೋರು, ಅದಕ್ಕೇ ಆ ಹೆಸರು. ಅವಳು ಹೇಳುತ್ತಿದ್ದಳು: "ನಮ್ಮ ಹೊಟ್ಟೆಯೊಳಗೂ ಬೀಗ ಇದೆ ಕಣ್ರೇ. ಕೀ ಮಾತ್ರ ಆ ಮಹಾರಾಣಿ ಹತ್ರ."

ಮಹಾರಾಣಿ ಅಂದರೆ ಚಿಕ್ಕವಳು. ದೊಡ್ಡವಳ ಒಡಹುಟ್ಟಿದ ತಂಗಿ.

*

ಆ ಕುರ್ಚಿ ಚಿಕ್ಕವಳಿಗೆ ಸಿಕ್ಕಿದ್ದು ದೊಡ್ಡವಳ ಬಾಯಿಂದ. ದೊಡ್ಡವಳು ಆ ದಿನವನ್ನು ಮರೆತಿರಲಿಲ್ಲ. ಹಲ್ಲುನೋವಿನ ಹಾಗೆ ಅದನ್ನು ನಾಲಿಗೆಯಲ್ಲಿ ಮುಟ್ಟಿಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಮೂರು ವರ್ಷದ ಹಿಂದೆ. ಆಗ ಅಕ್ಕತಂಗಿ ಇಬ್ಬರೂ ತಳದಲ್ಲೇ ಕೆರೆಯುತ್ತಿದ್ದರು. ಹೊರಗಿನಿಂದ ಒಬ್ಬ ಇಂಜಿನಿಯರು ಬಂದ. ಒಂದು ಬೋಟಿನ ಪ್ರೊಪೆಲ್ಲರಿನ ಹಿತ್ತಾಳೆ ರೆಕ್ಕೆ ಗುಲಾಬಿ ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಒತ್ತಿದರೆ ಬಿಸ್ಕತ್ತಿನ ಹಾಗೆ ಮುರಿಯುತ್ತಿತ್ತು. ಯಾಕೆ ಹೀಗಾಯಿತು ಅಂತ ಅವನು ಕೇಳಿದ. ಮೇಸ್ತ್ರಿ ತಲೆ ಕೆರೆದ. ಧಣಿ ಮೇಸ್ತ್ರಿಯ ಮುಖ ನೋಡಿದ.

"ಗಟ್ಟಿಗೆ ಬಣ್ಣ ಬಳಿದಿದ್ದಾರೆ ಸ್ವಾಮಿ. ಅದಕ್ಕೆ" ಅಂತು ತಳದಿಂದ ಒಂದು ದನಿ.

ಇಂಜಿನಿಯರು ಬಗ್ಗಿ ನೋಡಿದ. ಚಿಪ್ಪಿನ ಪುಡಿಯಲ್ಲಿ ಮುಖ ಬೆಳ್ಳಗಾಗಿದ್ದ ಒಬ್ಬ ಹೆಂಗಸು. "ಯಾವ ಗಟ್ಟಿ?"

"ಸತುವಿನ ಗಟ್ಟಿ. ಇಲ್ಲಿ, ಚುಕ್ಕಾಣಿ ಪಕ್ಕ ಬೋಲ್ಟು ಹಾಕಿರ್ತೀವಲ್ಲ, ಇದು. ಉಪ್ಪುನೀರಿಗೆ ಲೋಹ ಅಂದ್ರೆ ಹಸಿವು ಸ್ವಾಮಿ. ಕಬ್ಬಿಣ, ಹಿತ್ತಾಳೆ, ಏನಿದ್ರೂ ತಿನ್ನುತ್ತೆ. ಸತು ಹತ್ರ ಇದ್ರೆ ಮೊದ್ಲು ಅದನ್ನ ತಿನ್ನುತ್ತೆ, ಮಿಕ್ಕಿದ್ದಕ್ಕೆ ಬಾಯಿ ಹಾಕಲ್ಲ. ಆದ್ರೆ ಸತು ಬರಿಮೈಲಿರಬೇಕು. ಬಣ್ಣ ಬಳಿದ್ರೆ ಅದು ಇದ್ದೂ ಇಲ್ಲದ ಹಾಗೆ. ಅರ್ಧ ಸವೆದಿದ್ರೆ ಕೆಲಸ ಮಾಡಿದೆ ಅಂತ, ಬದಲಾಯಿಸ್ಬೇಕು. ಸವೆಯದೆ ಹಾಗೇ ಇದ್ರೆ ಎಲ್ಲೋ ಎಡವಟ್ಟಾಗಿದೆ ಅಂತ."

ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹದಿನೆಂಟು ವರ್ಷ ಮೂಗಿಗೆ ಗೇಣು ದೂರದಲ್ಲಿ ನೋಡಿ ಕಲಿತದ್ದು.

ಇಂಜಿನಿಯರಿಗೆ ಖುಷಿಯಾಯಿತು. "ನೋಡಿ, ಎಂಥ ತ್ಯಾಗ! ಇನ್ನೊಂದು ಉಳೀಲಿ ಅಂತ ತನ್ನ ಜೀವಾನೇ ಕೊಡುತ್ತೆ" ಅಂದ ಧಣಿಯ ಕಡೆ ತಿರುಗಿ.

"ತ್ಯಾಗ ಎಲ್ಲಿ ಬಂತು ಸ್ವಾಮಿ? ನಾಲ್ಕು ಬೋಲ್ಟು ಹಾಕಿ ಬಿಗಿದಿರ್ತೀವಿ. ಓಡಿಹೋಗೋಣ ಅಂದ್ರೂ ಬಿಡಲ್ಲ" ಅಂದಳು ದೊಡ್ಡವಳು. ತಳದ ಹೆಂಗಸರು ಕಿಸಕ್ಕನೆ ನಕ್ಕರು.

"ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಡಮ್ಮ" ಅಂದ ಇಂಜಿನಿಯರು.

ದೊಡ್ಡವಳಿಗೆ ಬರೆಯಲು ಬರುತ್ತಿರಲಿಲ್ಲ. ಹತ್ತನೇ ವಯಸ್ಸಿಗೆ ಉಳಿ ಹಿಡಿದವಳು. ತಂಗಿಯನ್ನು ಮಾತ್ರ ಹತ್ತನೇ ತರಗತಿಯವರೆಗೆ ಓದಿಸಿದ್ದಳು, ತನ್ನ ಬೆನ್ನು ಸವೆಸಿ. "ಇವಳು ಬರೀತಾಳೆ" ಅಂತ ತಂಗಿಯನ್ನು ಮುಂದೆ ತಳ್ಳಿದಳು. ತಾನೇ ತಳ್ಳಿದಳು. ತಂಗಿ ದುಂಡನೆಯ ಅಕ್ಷರದಲ್ಲಿ ಬರೆದು ಕೊಟ್ಟಳು, ಕೆಳಗೆ ತನ್ನ ಸಹಿ ಹಾಕಿದಳು. ಸಹಿಯ ಬಾಲ ಮೀನಿನ ಗಾಳದ ಹಾಗೆ ಬಾಗಿತ್ತು.

ವಾರ ಕಳೆಯುವುದರೊಳಗೆ ಆಫೀಸಿನಿಂದ ಕರೆ ಬಂತು. ಪ್ರತಿ ಬೋಟಿನ ತಳ ಪರೀಕ್ಷೆ ಆಗಿದೆ ಅಂತ ಬರೆದು ಸಹಿ ಹಾಕಲು ಒಬ್ಬರು ಬೇಕಂತೆ. ಗಟ್ಟಿಯ ವಿಷಯ ತಿಳಿದವರು ಬೇಕಂತೆ. ಚಿಕ್ಕವಳನ್ನು ಕರೆದರು. ಮೆಟ್ಟಿಲು ಹತ್ತುವಾಗ ಅವಳು ಒಮ್ಮೆ ಹಿಂತಿರುಗಿ ನೋಡಿದಳು. ದೊಡ್ಡವಳು ನಗಲು ಹೋದಳು. ಮುಖ ಕೇಳಲಿಲ್ಲ.

*

ಯಾರ್ಡಿನ ಉರಿ ಯಾರ್ಡಿನಲ್ಲೇ ಉಳಿದಿದ್ದರೆ ಸರಿ. ಮನೆಗೂ ಬಂತು.

ಮನೆ ಅಂದರೆ ಒಂದು ಕೋಣೆ, ಒಂದು ಒಲೆ, ಮೂವರು. ಅಮ್ಮನ ಮಂಡಿ ತಳದ ಕೆಲಸಕ್ಕೇ ಹೋಗಿತ್ತು. ಚಿಕ್ಕವಳು ಮೇಲೆ ಹತ್ತಿದ ದಿನದಿಂದ ಅಮ್ಮನಿಗೆ ಇಬ್ಬರು ಮಕ್ಕಳಲ್ಲಿ ಒಬ್ಬಳು ಮಗಳು, ಇನ್ನೊಬ್ಬಳು ಕೂಲಿಯವಳು. ಮೊದಲ ತಟ್ಟೆ ಚಿಕ್ಕವಳಿಗೆ. ಕಿಟಕಿಯ ಪಕ್ಕದ ಹಾಸಿಗೆ ಚಿಕ್ಕವಳಿಗೆ. ಒಂದು ದಿನ ಅಮ್ಮ ಹೇಳಿಯೇಬಿಟ್ಟಳು:

"ನಿನ್ನ ಬಟ್ಟೆ ಬೇರೆ ಬಕೆಟ್ಟಲ್ಲಿ ನೆನೆಹಾಕೇ. ಅವಳ ಬಟ್ಟೆಗೆ ವಾಸನೆ ಹತ್ತುತ್ತೆ. ನಾಲ್ಕು ಜನ ದೊಡ್ಡವರ ಎದುರು ಕೂತ್ಕೊಳ್ಳೋಳು."

"ನಿನ್ನ ಬಟ್ಟೆ ನಲವತ್ತು ವರ್ಷ ಇದೇ ವಾಸನೆ ಹೊಡೀತಿತ್ತಲ್ಲಮ್ಮ."

"ನಾನು ಹಾಳಾದೆ. ಅವಳೂ ಹಾಳಾಗ್ಬೇಕಾ?"

ಚಿಕ್ಕವಳು ಗೋಡೆ ಕಡೆ ಮುಖ ಮಾಡಿ ಕೂದಲು ಬಾಚಿಕೊಳ್ಳುತ್ತಿದ್ದಳು. ಬೇಡ ಅಮ್ಮ, ಒಂದೇ ಬಕೆಟ್ಟು ಸಾಕು ಅಂತ ಒಂದು ಮಾತು ಬರಲಿಲ್ಲ ಅವಳ ಬಾಯಿಂದ. ಯಾರ್ಡಿನಲ್ಲಿ ತಳದವರಿಗೆ ಬೇರೆ ನಲ್ಲಿ, ಮನೆಯಲ್ಲಿ ಬೇರೆ ಬಕೆಟ್ಟು. ದೊಡ್ಡವಳು ತನ್ನ ಬಟ್ಟೆ ಬಡಿದು ಒಗೆದಳು. ಕಲ್ಲು ಒಡೆಯುವ ಹಾಗೆ ಬಡಿದಳು.

ಚಿಕ್ಕವಳು ಎಲ್ಲರಿಗಿಂತ ಒಂದು ತಾಸು ಮುಂಚೆ ಯಾರ್ಡಿಗೆ ಹೋಗುತ್ತಿದ್ದಳು. "ಜಂಬ. ಬಾಗಿಲು ತೆಗೆಯೋದೂ ನಾನೇ ಅಂತ ತೋರಿಸ್ಕೋಬೇಕು" ಅಂದುಕೊಳ್ಳುತ್ತಿದ್ದಳು ದೊಡ್ಡವಳು.

ಒಂದು ಸಲ, ಒಂದೇ ಒಂದು ಸಲ, ಅವಳು ಕೀ ಕೇಳಿದಳು. ಆವತ್ತು ಮುಟ್ಟು. ಹೊಟ್ಟೆ ಕಿತ್ತು ಬರುತ್ತಿತ್ತು. ಬಟ್ಟೆ ಒದ್ದೆಯಾಗಿತ್ತು. ಆಫೀಸಿನ ಕಿಟಕಿಯ ಕೆಳಗೆ ನಿಂತು ಪಿಸುಗುಟ್ಟಿದಳು. "ಲೇ, ಆ ಕೀ ಒಂದು ಗಳಿಗೆ ಕೊಡೇ. ಹೀಗೆ ಹೋಗಿ ಹಾಗೆ ಬಂದ್ಬಿಡ್ತೀನಿ."

ಚಿಕ್ಕವಳ ಮುಖ ಬಿಳಿಚಿಕೊಂಡಿತು. ಕೈ ಸೊಂಟಕ್ಕೆ ಹೋಯಿತು, ಕೀ ಮುಚ್ಚಿಕೊಳ್ಳಲು. "ಬೇಡ ಅಕ್ಕ. ಬೇಡ. ಯಾರಾದ್ರೂ ನೋಡ್ತಾರೆ."

"ಅಕ್ಕ ಕಣೇ ನಾನು."

"ಗೊತ್ತು. ಬೇಡ."

ದೊಡ್ಡವಳು ಒಡೆದ ಬೋಟಿನ ಮರೆಗೆ ಹೋದಳು. ಮೇಲಿನಿಂದ ಸಿಳ್ಳೆ ಬಂತು. ಆವತ್ತಿನಿಂದ ತಂಗಿಯ ಜೊತೆ ಮಾತು ಬಿಟ್ಟಳು. ಒಂದೇ ಕೋಣೆಯಲ್ಲಿ ಎಂಟು ತಿಂಗಳು ಮಾತಿಲ್ಲದೆ ಮಲಗಿದರು. 

*

ಆ ವರ್ಷ ಮಳೆಗಾಲ ಮುಗಿದು ಬೋಟುಗಳು ನೀರಿಗಿಳಿಯುವ ಮುಂಚೆ ಮೇಸ್ತ್ರಿ ಒಂದು ಡಬ್ಬ ಪುಟ್ಟಿ, ಒಂದು ಡಬ್ಬ ಬೂದು ಬಣ್ಣ ತಂದು ದೊಡ್ಡವಳ ಮುಂದಿಟ್ಟ.

"ಹೊಸ ಗಟ್ಟಿ ಇಲ್ಲ. ಹಳೇ ಗಟ್ಟಿ ಸವೆದಲ್ಲೆಲ್ಲ ಪುಟ್ಟಿ ತುಂಬು. ಮೇಲೆ ಬಣ್ಣ ಬಳಿ. ಹೊಸದರ ಹಾಗೆ ಕಾಣ್ಬೇಕು. ಏಳು ಬೋಟಿಗೂ."

"ಮೇಸ್ತ್ರೀ, ಅದಕ್ಕಿಂತ ಗಟ್ಟಿ ಹಾಕದೇ ಇರೋದೇ ವಾಸಿ. ಇದೆ ಅಂತ ನಂಬ್ಕೊಂಡು ಹೋಗ್ತಾರಲ್ಲ ಬೋಟಿನೋರು."

"ತಳದವಳು ತಳದಲ್ಲಿರು. ಧಣಿ ಹೇಳಿದ್ದು."

ಅವಳು ಎದ್ದು ಆಫೀಸಿನ ಕಿಟಕಿಯ ಕೆಳಗೆ ಹೋಗಿ ನಿಂತಳು. ಎಂಟು ತಿಂಗಳ ಮೇಲೆ ಮೊದಲ ಮಾತು. "ಪುಟ್ಟಿ ತುಂಬಿ ಬಣ್ಣ ಬಳೀ ಅಂತಿದ್ದಾನೆ. ನಿಂಗೆ ಗೊತ್ತಾ?"

ಚಿಕ್ಕವಳು ತಲೆ ಎತ್ತಲಿಲ್ಲ. "ಗೊತ್ತು. ಮಾಡು."

"ಹೊಸ ಗಟ್ಟಿ ಅಂತ ಬರ್ದು ನೀನೇ ಸಹಿ ಹಾಕ್ತೀಯಾ?"

"ಹಾಕ್ಲೇಬೇಕಲ್ಲ."

ಆಗ ದೊಡ್ಡವಳೊಳಗೆ ಏನೋ ಒಂದು ತಣ್ಣಗೆ ಕುಳಿತುಕೊಂಡಿತು. ಅದನ್ನು ಅವಳು ಆಮೇಲೆ ಎಷ್ಟೋ ದಿನ ನೆನೆದು ತಲೆ ಚಚ್ಚಿಕೊಂಡಳು. ಅವಳು ಕೂಗಬಹುದಿತ್ತು. ಬೋಟಿನವರಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹಾಕು ಸಹಿ, ನಿನ್ನ ದುಂಡು ಅಕ್ಷರದಲ್ಲೇ ಹಾಕು, ನಾಳೆ ಬೋಲ್ಟು ಸವೆದು ಬಂದಾಗ ನಿನ್ನನ್ನು ಆ ಕುರ್ಚಿಯಿಂದ ಎಳೆದು ಬಿಸಾಕುತ್ತಾರೆ, ನಾನು ಕೆಳಗೆ ನಿಂತು ನೋಡುತ್ತೇನೆ. ಹೀಗೆ ಅಂದುಕೊಂಡಳು. ಅಂದುಕೊಂಡು ಹೋಗಿ ಪುಟ್ಟಿ ತುಂಬಿದಳು. ಏಳು ಬೋಟಿಗೂ ತುಂಬಿದಳು. ಚೆನ್ನಾಗಿ ನಯ ಮಾಡಿದಳು. ಬಣ್ಣ ಬಳಿದಳು.

ಏಳನೇ ಬೋಟಿನ ತಳದಲ್ಲಿರುವಾಗ ಮೇಲಿನಿಂದ ಹಗ್ಗದಲ್ಲಿ ಕೆಟಲು ಇಳಿಯಿತು. ಆ ಬೋಟಿನ ಅಡುಗೆಯವನು ಮುದುಕ. ಎಲ್ಲರೂ ಟೀ ತಾತ ಅನ್ನುತ್ತಿದ್ದರು. ತಳದವರಿಗೆ ಟೀ ಕೊಡುವವನು ಇಡೀ ಯಾರ್ಡಿನಲ್ಲಿ ಅವನೊಬ್ಬನೇ. ಏಣಿ ಹತ್ತಿಸುವ ಧೈರ್ಯ ಅವನಿಗಿರಲಿಲ್ಲ. ಹಗ್ಗ ಇಳಿಸುವಷ್ಟಿತ್ತು.

"ಮಗಳೇ, ನನ್ನ ಬೋಟಿನ ಹೊಟ್ಟೆ ಗಟ್ಟಿ ಇದೆಯೇನೇ?" ಅಂತ ಕೂಗಿದ.

"ಗಟ್ಟಿ ಇದೆ ತಾತ" ಅಂದಳು ದೊಡ್ಡವಳು. ಟೀ ಕುಡಿದಳು. ಬಿಸಿಯಿತ್ತು.

*

ಆರನೇ ತಿಂಗಳಿಗೆ ಆ ಬೋಟು ಬಂದರಿನ ಬಾಯಲ್ಲಿ ಒಡೆದುಹೋಯಿತು. ನಡು ಹಗಲು. ಅಲೆ ಏನೂ ಹೆಚ್ಚಿರಲಿಲ್ಲ. ಒಳಗೆ ತಿರುಗಿಸುವಾಗ ಚುಕ್ಕಾಣಿಯ ಬೋಲ್ಟು ಪಟ್ಟನೆ ತುಂಡಾಯಿತು. ಚುಕ್ಕಾಣಿ ನೇತಾಡಿತು. ಬೋಟನ್ನು ಅಲೆ ಎತ್ತಿ ತಡೆಗೋಡೆಯ ಬಂಡೆಗೆ ಬಡಿಯಿತು. ಆರು ಜನ ಈಜಿ ಹತ್ತಿದರು. ಟೀ ತಾತ ಒಲೆಯ ಹತ್ತಿರ ಕೂತಿದ್ದ. ಹೊರಗೆ ಬರಲಿಲ್ಲ.

ಹೆಣ ದಡಕ್ಕೆ ತಂದಾಗ ತಳದ ಹನ್ನೊಂದು ಹೆಂಗಸರೂ ಓಡಿ ಹೋದರು. ಹತ್ತು ಜನ ಅತ್ತರು. ದೊಡ್ಡವಳ ಕಣ್ಣಲ್ಲಿ ನೀರು ಬರಲಿಲ್ಲ. ಅವಳು ತನ್ನ ಕೈ ನೋಡಿಕೊಳ್ಳುತ್ತಿದ್ದಳು.

ಒಡೆದ ಬೋಟನ್ನು ಎಳೆದು ತಂದು ಯಾರ್ಡಿನಲ್ಲೇ ನಿಲ್ಲಿಸಿದರು. ಸರ್ಕಾರದ ಕಡೆಯಿಂದ ಒಬ್ಬ ತನಿಖೆ ಅಧಿಕಾರಿ ಬರುತ್ತಾನಂತೆ ಅಂತ ಸುದ್ದಿಯಾಯಿತು. ಬರುವ ಹಿಂದಿನ ದಿನ ಧಣಿ ದೊಡ್ಡವಳನ್ನು ಮೇಲೆ ಕರೆಸಿದ.

ಮೆಟ್ಟಿಲು ಹದಿಮೂರಿತ್ತು. ಅವಳು ಎಣಿಸಿದಳು. ಧಣಿ ನೆಲದ ಮೇಲೆ ಹಳೇ ಪೇಪರು ಹಾಸಿಸಿದ್ದ. "ಕೂತ್ಕೋ" ಅಂದ. ಅವಳು ಪೇಪರಿನ ಮೇಲೆ ಕುಳಿತಳು.

"ನೋಡು, ಗಟ್ಟಿ ವಿಷಯ ನಿನ್ನಷ್ಟು ತಿಳಿದೋರು ಈ ಯಾರ್ಡಲ್ಲಿ ಇಲ್ಲ. ನಂಗೆ ಗೊತ್ತು. ಆವತ್ತು ಆ ಕುರ್ಚೀಲಿ ನಿನ್ನನ್ನೇ ಕೂರಿಸ್ಬೇಕಾಗಿತ್ತು."

ಮೂರು ವರ್ಷ ಅವಳು ಕಾದಿದ್ದ ಮಾತು ಅದು. ಯಾರಾದರೂ ಹೇಳಲಿ ಅಂತ ಬಾಯಾರಿ ಕಾದಿದ್ದ ಮಾತು.  

"ನಿನ್ನ ತಂಗಿ ಗಟ್ಟಿ ಮಾರ್ಕೊಂಡಿದ್ದಾಳೆ. ಪುಟ್ಟಿ ತುಂಬು ಅಂತ ನಿಂಗೆ ಹೇಳಿದ್ದೂ ಅವಳೇ. ನಂಗಾಗ್ಲಿ ಮೇಸ್ತ್ರಿಗಾಗ್ಲಿ ಗೊತ್ತೇ ಇಲ್ಲ. ಇಷ್ಟು ಹೇಳು ನಾಳೆ. ಸಹಿ ಹೆಂಗಿದ್ರೂ ಅವಳದ್ದೇ ಇದೆ. ಕುರ್ಚಿ ನಿನ್ನದು. ಇದೂ ನಿನ್ನದು."

ಚಿಕ್ಕವಳನ್ನು ಬೇಗ ಮನೆಗೆ ಕಳಿಸಿ ಇಸಿದುಕೊಂಡಿದ್ದ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟ.

ಅದು ಸುಳ್ಳು ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ತಲೆ ಆಡಿಸಿದಳು. ಹೂಂ ಅಂದಳು. ಹಾಗೆ ಅಂದವಳು ಬೇರೆ ಯಾರೂ ಅಲ್ಲ, ಅವಳೇ.

"ಬೇಕಾದ್ರೆ ಈಗಲೇ ಹೋಗಿ ಬಾ" ಅಂದ ಧಣಿ, ನಕ್ಕು.

ಪಡಸಾಲೆಯ ಕೊನೆಯಲ್ಲಿ ಬಾಗಿಲು. ಬೀಗ ತೆಗೆದಳು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಬಿಳಿ ಟೈಲ್ಸಿನ ಗೋಡೆ. ನಲ್ಲಿ. ತಿರುಗಿಸಿದರೆ ನೀರು. ಅವಳು ಕೂತಳು. ಯಾವ ಸಿಳ್ಳೆಯೂ ಇಲ್ಲ. ಮೈಯೆಲ್ಲ ಸಡಿಲವಾಯಿತು. ಸುಖ ಅಂದರೆ ಇಷ್ಟೇನಾ, ಇಷ್ಟನ್ನೂ ಕೊಡಲಿಲ್ಲವಲ್ಲ ಅವಳು, ಅಂದುಕೊಂಡಳು.

ಎದ್ದು ಬಟ್ಟೆ ಸರಿಮಾಡಿಕೊಳ್ಳುವಾಗ ಬಾಗಿಲ ಹಿಂಬದಿ ಕಂಡಿತು. ಅಲ್ಲಿ ಒಂದು ಹಾಳೆ ಅಂಟಿಸಿದ್ದರು. ಗೆರೆ ಎಳೆದ ಹಾಳೆ. ಒಂದು ಕಡೆ ತಾರೀಖು, ಒಂದು ಕಡೆ ಸಹಿ. ಓದಲು ಬಾರದವಳಿಗೂ ಆ ಸಹಿ ಗೊತ್ತಿತ್ತು. ಬಾಲ ಗಾಳದ ಹಾಗೆ ಬಾಗಿದ ಸಹಿ. ಒಂದರ ಕೆಳಗೆ ಒಂದು, ದಿನಕ್ಕೊಂದು, ಒಂದು ದಿನವೂ ಬಿಟ್ಟಿರಲಿಲ್ಲ. ಹಾಳೆಯ ಕೆಳಗೆ ಮೂಲೆಯಲ್ಲಿ ಪೊರಕೆ. ಆಸಿಡ್ಡಿನ ಬಾಟಲಿ. ತಿಕ್ಕುವ ಬ್ರಷ್ಷು. ಮೊಳೆಗೆ ನೇತುಹಾಕಿದ ಒಂದು ಹಳೇ ಬಟ್ಟೆ. ಆ ಬಟ್ಟೆ ಅವಳದೇ. ತನ್ನ ಹರಿದ ಲಂಗ. ಎಲ್ಲಿ ಹೋಯಿತು ಅಂತ ಮನೆಯಲ್ಲಿ ಹುಡುಕಿದ್ದಳು.

ಅವಳು ಹಾಳೆ ನೋಡಿದಳು. ಪೊರಕೆ ನೋಡಿದಳು. ಎಲ್ಲರಿಗಿಂತ ಒಂದು ತಾಸು ಮುಂಚೆ.

ಹೊರಗೆ ಬಂದು ಕೀ ಮೇಜಿನ ಮೇಲಿಟ್ಟಳು. "ನಾಳೆ ತಗೋತೀನಿ ಧಣಿ" ಅಂದಳು. ಹದಿಮೂರು ಮೆಟ್ಟಿಲನ್ನೂ ಈ ಸಲ ಎಣಿಸದೆ ಇಳಿದಳು.

*

ಸಂಜೆ ಅಮ್ಮ ನೀರಿಗೆ ಹೋದದ್ದೇ, ದೊಡ್ಡವಳು ತಂಗಿಯ ಮುಂದೆ ಬಂದು ನಿಂತಳು.

"ಕಕ್ಕಸು ತೊಳೆಯೋದು ನೀನಾ?"

ಚಿಕ್ಕವಳ ಕೈಯಲ್ಲಿದ್ದ ಲೋಟ ನಿಂತಿತು.

"ಕೇಳ್ತಿರೋದು. ನೀನಾ?"

"ಕುರ್ಚಿ ಕೊಟ್ಟ ದಿನವೇ ಹೇಳಿದ್ರು" ಅಂದಳು ಚಿಕ್ಕವಳು. "ಬೇರೆಯೋರು ಬರೋದ್ರೊಳಗೆ ತೊಳೆದು, ಕೈಕಾಲು ತೊಳ್ಕೊಂಡು, ಆಮೇಲೆ ಕುರ್ಚಿ ಅಂತ. ನಾನು ಅಲ್ಲಿ ಕೂರೋ ಹಾಗಿಲ್ಲ ಅಕ್ಕ. ತೊಳೆಯೋಕೆ ಮಾತ್ರ. ನಾನೂ ನಿಮ್ಮ ಹಾಗೆ ಒಡೆದ ಬೋಟಿನ ಹಿಂದೇನೇ ಹೋಗೋದು, ನೀವೆಲ್ಲ ಊಟಕ್ಕೆ ಕೂತಾಗ."

"ಮತ್ತೆ ಆವತ್ತು ಕೀ ಯಾಕೆ ಕೊಡ್ಲಿಲ್ಲ?"

"ಕೊಟ್ಟಿದ್ರೆ ನೀನು ಒಳಗೆ ಹೋಗ್ತಿದ್ದೆ. ನೋಡಿಬಿಡ್ತಿದ್ದೆ." ಚಿಕ್ಕವಳು ಲೋಟ ಕೆಳಗಿಟ್ಟಳು. "ನಿನ್ನ ಕಣ್ಣಲ್ಲಾದ್ರೂ ನಾನು ಮೇಲಿನವಳಾಗಿರ್ಲಿ ಅಂತ. ನೀನು ಹೊಟ್ಟೆಕಿಚ್ಚು ಪಡ್ತಿದ್ದೆಯಲ್ಲ, ಅದು ನಂಗೆ ಗೊತ್ತಾಗ್ತಿತ್ತು. ಅದೊಂದೇ ಇದ್ದದ್ದು ನಂಗೆ, ಮೇಲೆ ಹತ್ತಿದ್ದೀನಿ ಅನ್ನೋಕೆ."

ದೊಡ್ಡವಳಿಗೆ ತಂಗಿಯ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡೂ ಮಾಡಲಿಲ್ಲ. "ಥೂ" ಅಂದಳು. ಅದು ತಂಗಿಗೋ, ತನಗೋ, ಆ ಬಿಳಿ ಟೈಲ್ಸಿಗೋ, ಅವಳಿಗೇ ತಿಳಿಯಲಿಲ್ಲ. ಇದಕ್ಕಾ? ಇದಕ್ಕಾಗಿ ಮೂರು ವರ್ಷ ಬೆಂದದ್ದು? ಇದಕ್ಕಾಗಿ ಬಾಯಿ ಮುಚ್ಚಿಕೊಂಡು ಪುಟ್ಟಿ ತುಂಬಿದ್ದು? ಮುದುಕ ಸತ್ತದ್ದು ಇದಕ್ಕಾ?

"ನಾಳೆ ಎಲ್ಲಾ ನಿನ್ನ ತಲೆಗೆ ಕಟ್ಟು ಅಂತ ಧಣಿ ಹೇಳಿದ್ದಾನೆ. ಹೂಂ ಅಂದಿದ್ದೀನಿ" ಅಂದಳು.

ಚಿಕ್ಕವಳು ಅವಳನ್ನೇ ನೋಡಿದಳು. "ಹೇಳ್ತೀಯಾ?"

"ನಂಗೊತ್ತಿಲ್ಲ." ಅದು ನಿಜವೇ ಆಗಿತ್ತು.

*

ಮರುದಿನ ಬೆಳಿಗ್ಗೆ ಒಡೆದ ಬೋಟಿನ ಸುತ್ತ ಜನ. ಬೋಟಿನವರು, ಬಡಗಿಗಳು, ತಳದವರು. ಧಣಿ ಬಿಳಿ ಅಂಗಿ ಹಾಕಿದ್ದ. ಚಿಕ್ಕವಳು ತನ್ನ ಸಹಿಯ ಪುಸ್ತಕ ಎದೆಗೊತ್ತಿಕೊಂಡು ಒಂದು ಕಡೆ ನಿಂತಿದ್ದಳು. ಅಧಿಕಾರಿ ಚುಕ್ಕಾಣಿಯ ತುಂಡಾದ ಬೋಲ್ಟು ಹಿಡಿದು ನೋಡಿದ. ಹೆಬ್ಬೆರಳು ಗಾತ್ರದ ಬೋಲ್ಟು ಇಲಿಬಾಲದ ಹಾಗಾಗಿತ್ತು. ಆಮೇಲೆ ಬಗ್ಗಿ ಗಟ್ಟಿ ನೋಡಿದ.

"ಗಟ್ಟಿ ಪೂರ್ತಿ ಇದೆ. ಹೊಸದರ ಹಾಗೇ ಇದೆ. ಮತ್ತೆ ಬೋಲ್ಟು ಹೇಗೆ ಸವೆಯಿತು?"

"ಅದನ್ನ ಇವಳು ಹೇಳ್ತಾಳೆ ಸಾರ್" ಅಂದ ಧಣಿ. "ಹೇಳಮ್ಮ, ಹೆದರ್ಕೋಬೇಡ."

ಅಮ್ಮ ಅಂದ. ಇಪ್ಪತ್ತೊಂದು ವರ್ಷ 'ಏಯ್' ಅಂದವನು.

ದೊಡ್ಡವಳು ಉಳಿ ಹಿಡಿದು ಬೋಟಿನ ಕೆಳಗೆ ಹೋದಳು. ಮಲಗಲಿಲ್ಲ, ಕೂತಳು. "ಪೂರ್ತಿ ಇರೋದೇ ತಪ್ಪು ಸ್ವಾಮಿ. ಆರು ತಿಂಗಳು ಉಪ್ಪುನೀರಲ್ಲಿದ್ದ ಸತು ಅರ್ಧ ಸವೆದಿರಬೇಕು. ಇದು ಸವೆದೇ ಇಲ್ಲ. ಯಾಕೆ ನೋಡಿ." ಉಳಿ ಕೊಟ್ಟು ಒಂದು ಸಲ ಕೆರೆದಳು. ಬೂದು ಬಣ್ಣ ಸಿಪ್ಪೆಯ ಹಾಗೆ ಎದ್ದಿತು. ಇನ್ನೊಂದು ಸಲ ಕೆರೆದಳು. ಪುಟ್ಟಿ ಹೆಂಟೆ ಹೆಂಟೆಯಾಗಿ ಅವಳ ಮಡಿಲಿಗೆ ಉದುರಿತು. ಒಳಗೆ ಬೆರಳಷ್ಟು ಹಳೇ ಸತು.

ಬೋಟಿನವರ ಗುಂಪಿನಲ್ಲಿ ಗುಜುಗುಜು ಎದ್ದಿತು. ಅಧಿಕಾರಿ ಕೇಳಿದ: "ಇದನ್ನು ಯಾರು ಮಾಡಿದ್ದು?"

"ಕೈ ನನ್ನದು."

"ಮಾಡು ಅಂತ ಹೇಳಿದ್ದು?"

ಅವಳು ತಲೆ ಎತ್ತಿದಳು. ಚಿಕ್ಕವಳ ಉಗುರು ಕಂಡವು, ಸಹಿಯ ಪುಸ್ತಕದ ಮೇಲೆ. ಅಷ್ಟು ಶುಭ್ರ ಉಗುರು ಹೇಗೆ ಬಂದವು ಅಂತ ಈಗ ಗೊತ್ತಿತ್ತು. ಆಸಿಡ್ಡಿನಲ್ಲಿ ಬಂದದ್ದು. ಗೊತ್ತಿದ್ದೂ ಒಳಗೆ ಆ ಹಳೇ ಉರಿ ಒಮ್ಮೆ ಎದ್ದಿತು. ಒಂದು ಹೆಸರು ಹೇಳಿದರೆ ಸಾಕು. ಹೇಳು, ಹೇಳು ಅಂತು ಹೊಟ್ಟೆ.

"ಮೇಸ್ತ್ರಿ ಹೇಳಿದ" ಅಂದಳು. "ಮೇಸ್ತ್ರಿಗೆ ಈ ಧಣಿ ಹೇಳಿದ. ಹೊಸ ಗಟ್ಟಿ ಅಂತ ಸುಳ್ಳು ಬರೆದದ್ದು ಇವಳು, ನನ್ನ ತಂಗಿ. ಮಾಡ್ಬಾರದು ಅಂತ ಗೊತ್ತಿದ್ದೂ ಮಾಡಿದ್ದು ನಾನು. ನಾಲ್ಕು ಹೆಸರೂ ಬರ್ಕೊಳ್ಳಿ. ಒಂದು ಬಿಟ್ರೂ ಒಪ್ಪಲ್ಲ. ನಿನ್ನೆ ಇವನು ನನ್ನನ್ನ ಪೇಪರ್ ಮೇಲೆ ಕೂರಿಸಿ, ತಂಗಿ ಮೇಲೆ ಹಾಕು, ಅವಳ ಕುರ್ಚಿ ನಿಂಗೆ ಅಂದ. ಹೂಂ ಅಂದಿದ್ದೆ. ಈಗ ಆಗಲ್ಲ ಅಂತೀನಿ."

"ಸುಳ್ಳು! ತಳದವಳ ಮಾತು ಕೇಳ್ತೀರಾ ಸಾರ್?" ಧಣಿಯ ದನಿ ಕೀರಲಾಯಿತು.

"ನಾನೂ ತಳದವಳೇ" ಅಂದಳು ಚಿಕ್ಕವಳು. ಮೂರು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ ಆ ಮಾತು ಬಂತು. ಪುಸ್ತಕ ಅಧಿಕಾರಿಯ ಕೈಗೆ ಕೊಟ್ಟಳು. "ಇದರಲ್ಲಿ ಹೊಸ ಗಟ್ಟಿ ಅಂತ ಇರೋದೆಲ್ಲ ಸುಳ್ಳು. ಬರೆದದ್ದು ನಾನೇ. ಇನ್ನೂ ಆರು ಬೋಟು ಹೀಗೇ ಸಮುದ್ರದಲ್ಲಿವೆ."

ಆರು ಬೋಟಿನ ಹೆಸರನ್ನೂ ಹೇಳಿದಳು. ಒಂದೊಂದು ಹೆಸರಿಗೂ ಗುಂಪಿನಲ್ಲಿ ಒಬ್ಬೊಬ್ಬ ಗಂಡಸು ಅಯ್ಯೋ ಅಂದ. ಆಮೇಲೆ ಅವರು ಧಣಿಯ ಕಡೆ ನುಗ್ಗಿದರು. ಮೇಸ್ತ್ರಿ ಓಡಿದ. ಪಟಾಕಿ ಕಾಲು ಅಡ್ಡ ಕೊಟ್ಟಳು. ಅವನು ಚಿಪ್ಪಿನ ರಾಶಿಯಲ್ಲಿ ಮೂತಿ ಊರಿ ಬಿದ್ದ. "ಗಲೀಜು ಕಣೋ, ಹುಷಾರು" ಅಂದಳು ಪಟಾಕಿ.

*

ನ್ಯಾಯ ಸಿಕ್ಕಿತಾ ಅಂದರೆ, ಅದು ಅಷ್ಟು ಸಲೀಸಲ್ಲ. ನಾಲ್ವರನ್ನೂ ಪೊಲೀಸರು ಹಿಡಿದೊಯ್ದರು. ಧಣಿಗೆ ಅದೇ ದಿನ ಮಧ್ಯಾಹ್ನ ಜಾಮೀನು ಸಿಕ್ಕಿತು. ಅಕ್ಕತಂಗಿಗೆ ಒಂಬತ್ತು ದಿನ ಬೇಕಾಯಿತು. ಆರು ಬೋಟನ್ನೂ ದಡಕ್ಕೆಳೆಸಿದರು. ಎರಡರ ಬೋಲ್ಟು ಕೈಯಲ್ಲೇ ಮುರಿಯಿತು. ಹೊಸ ಗಟ್ಟಿ ಕಟ್ಟಲು ತಳಕ್ಕೆ ಇಳಿಯುವವರು ಬೇಕಲ್ಲ, ಧಣಿಯ ಭಾವಮೈದ ಬಂದು ಕರೆದ. ಹೆಂಗಸರು ಇಳಿಯಲಿಲ್ಲ. "ಮೊದ್ಲು ಕಕ್ಕಸು ಕಟ್ಟು. ಆಮೇಲೆ ನಿನ್ನ ಬೋಟು" ಅಂದಳು ಪಟಾಕಿ. ಹದಿನಾರು ದಿನ ಕೂತರು. ಕೊನೆಗೆ ತಗಡಿನ ಬಾಗಿಲಿನದು ಒಂದು ಕಟ್ಟಿಕೊಟ್ಟರು. ಅಕ್ಕತಂಗಿಯನ್ನು ಮಾತ್ರ ಯಾರ್ಡಿನ ಗೇಟಿನೊಳಗೆ ಬಿಡಲಿಲ್ಲ. ಅಮ್ಮ ದಿನವೂ ಶಪಿಸಿದಳು, ಇಬ್ಬರನ್ನೂ ಸಮನಾಗಿ.

ಐದಾರು ತಿಂಗಳ ಮೇಲೆ, ಕೋರ್ಟಿನ ದಿನ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಮುದುಕಿ ಬಂದು ನಿಂತಳು. ಟೀ ತಾತನ ಹೆಂಡತಿ. ಬೇರೆ ಊರಿನವಳು. ಬಸ್ಸಿಳಿದು ಕೇಳಿಕೊಂಡು ಬಂದಿದ್ದಳು.

"ಗಟ್ಟಿಗೆ ಬಣ್ಣ ಬಳಿದೋಳು ಯಾರು?"

ದೊಡ್ಡವಳು ಎದ್ದಳು. "ನಾನಮ್ಮ."

ಮುದುಕಿ ಹತ್ತಿರ ಬಂದು ಕೆನ್ನೆಗೆ ಬಾರಿಸಿದಳು. ಮುದುಕಿ ಕೈಯಾದರೂ ಏಟು ಜೋರಾಗಿತ್ತು. ಚಿಕ್ಕವಳು ನಡುವೆ ಬಂದಳು. ದೊಡ್ಡವಳು ತಂಗಿಯನ್ನು ಪಕ್ಕಕ್ಕೆ ಸರಿಸಿದಳು. ಇನ್ನೊಂದು ಏಟಿಗೆ ನಿಂತಳು. ಮುದುಕಿ ಹೊಡೆಯಲಿಲ್ಲ. ಹೊಸ್ತಿಲ ಮೇಲೆ ಕೂತು ಏದುಸಿರು ಬಿಟ್ಟಳು.

"ಅವರು ಹೋಗಿ ಆರು ತಿಂಗಳಾಯ್ತು. ಎಲ್ಲರೂ ಬಂದ್ರು. ಹಣೆಬರಹ ಅಂದ್ರು, ಸಮುದ್ರದ ಕೋಪ ಅಂದ್ರು. ನಾನು ಮಾಡ್ದೆ ಅಂತ ಒಬ್ರೂ ಹೇಳ್ಲಿಲ್ಲ" ಅಂದಳು. ನೀರು ಕೇಳಿದಳು. ದೊಡ್ಡವಳು ಕೊಟ್ಟ ಲೋಟದಿಂದ ಕುಡಿದಳು. ಕುಡಿದು ಮೂಗು ಒರೆಸಿಕೊಂಡು ಎದ್ದಳು. "ಕೋರ್ಟು ಎಲ್ಲಿ ಅಂತ ನಂಗೆ ಗೊತ್ತಿಲ್ಲ. ಕರ್ಕೊಂಡು ನಡೀರಿ. ಆ ಧಣಿ ಮುಖ ನೋಡ್ಬೇಕು ನಾನು."

ಮೂವರೂ ಬೀದಿಗಿಳಿದರು. ಮುದುಕಿಗೆ ಕಣ್ಣು ಮಂದ. ದೊಡ್ಡವಳು ಕೈ ಚಾಚಿದಳು. ಮುದುಕಿ ಆ ಕೈ ಬಿಟ್ಟು ಚಿಕ್ಕವಳ ಕೈ ಹಿಡಿದಳು. "ನೀನು ಓದಿದೋಳಂತೆ ಮಗಳೇ. ಅಲ್ಲಿ ಬೋರ್ಡು ಓದಿ ಹೇಳು" ಅಂದಳು.

ದೊಡ್ಡವಳ ಹೊಟ್ಟೆ ಚುರ್ ಅಂತು. ಇಷ್ಟೆಲ್ಲ ಆದ ಮೇಲೂ ಅಂತು. ನಾಚಿಕೆಗೆಟ್ಟದ್ದು, ಅಂತ ಅದನ್ನು ಬೈದುಕೊಂಡಳು. ಕೆನ್ನೆ ಇನ್ನೂ ಉರಿಯುತ್ತಿತ್ತು. ಮುದುಕಿಯ ಕೈಚೀಲ ಇಸಿದುಕೊಂಡು ಹೆಗಲಿಗೆ ಹಾಕಿಕೊಂಡಳು. "ಎಡಗಡೆ ಬನ್ನಿ, ಲಾರಿ ಬರುತ್ತೆ" ಅನ್ನುತ್ತ ಇಬ್ಬರಿಗಿಂತ ಎರಡು ಹೆಜ್ಜೆ ಮುಂದೆ ನಡೆದಳು.